ಜೋಡೊತ್ತಿನ ಠರಾವು

ಕಂಪ್ಯೂಟರಿನ ಮೌಸನ್ನು ಎರಡು ಸಲ ಒತ್ತಬೇಕಾದ ಸಂದರ್ಭದಲ್ಲಿ ಮೊದಲನೆಯ ಒತ್ತು ಕಾರ್ಯದರ್ಶಿಯವರದು, ಎರಡನೆಯ ಒತ್ತು ಅಧ್ಯಕ್ಷರದು ಎಂದು ಶ್ರೀ ಹೊಳೆಬಸವ ಏತ ನೀರಾವರಿ ಸಹಕಾರಿ ಸಂಘದ ಆಡಳಿತ ಮಂಡಳಿಯು ೧೯೯೭ನೇ ಇಸವಿಯ ಸೆಪ್ಟೆಂಬರ್ ಇಪ್ಪತ್ತೆರಡರಂದು ಸರ್ವಾನುಮತದಿಂದ ಠರಾವು ಮಾಡಿತು. ಸೂಚಕರಿದ್ದರು, ಅನುಮೋದಕರಿದ್ದರು, ಚಹಾ ಆಯಿತು. ನಡಾವಳಿ ಬರೆಯುವ ಗುಮಾಸ್ತ ನಾನೇ ಆದ್ದರಿಂದ ಇದರಲ್ಲಿ ಸಂಶಯಕ್ಕೆ ಎಡೆಯಿಲ್ಲ.

ಕಾಗವಾಡದಿಂದ ಜುಗೂಳಕ್ಕೆ ಹೋಗುವ ರಸ್ತೆಯಲ್ಲಿ, ಹೊಳೆಗೆ ಅರ್ಧ ಮೈಲು ಈಚೆ ನಮ್ಮ ಕಚೇರಿ. ಕೃಷ್ಣೆಯ ನೀರನ್ನು ಪಂಪಿನಿಂದ ಎತ್ತಿ ಮುನ್ನೂರ ಹನ್ನೆರಡು ಸದಸ್ಯರ ಕಬ್ಬಿಗೆ, ದ್ರಾಕ್ಷಿಗೆ ಪಾಳಿಯ ಪ್ರಕಾರ ಹಂಚುವುದು ಸಂಘದ ಕೆಲಸ. ಪಾಳಿ ಬಂದವರಿಗೆ ನೀರಿನ ಚೀಟಿ ಕೊಡಲಾಗುವುದು. ಆ ಚೀಟಿ ನೋಡಿ ನೀರು ಬಿಡುವ ಜಕ್ಕಪ್ಪ ಅವರ ಹೊಲದ ವಾಲ್ವು ತಿರುವುವನು. ಚೀಟಿಯ ಮೇಲೆ ಅಧ್ಯಕ್ಷ, ಕಾರ್ಯದರ್ಶಿ ಇಬ್ಬರ ಸಹಿಯೂ ಇರಲೇಬೇಕು. ಇದಕ್ಕೆ ಕಾರಣವಿದೆ. ಎಪ್ಪತ್ನಾಲ್ಕರಲ್ಲಿ ಅಂದಿನ ಕಾರ್ಯದರ್ಶಿಯೊಬ್ಬರು ತಮ್ಮ ಒಬ್ಬರದೇ ಸಹಿಯಿಂದ ಸಂಘದ ಆಯಿಲ್ ಎಂಜಿನ್ ಮಾರಿಬಿಟ್ಟರು. ಮಾರುವಾಗ ಎಂಜಿನ್ ಚಾಲೂ ಇತ್ತು, ಕಬ್ಬಿಗೆ ನೀರು ಹೋಗುತ್ತಿತ್ತು. ಹಾಲಿನಿಂದ ಬಾಯಿ ಸುಟ್ಟವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಅಂದಿನಿಂದ ಸಂಘದಲ್ಲಿ ಬೆಂಕಿಪೆಟ್ಟಿಗೆ ತರಿಸುವುದಕ್ಕೂ ಎರಡು ಸಹಿ ಆಗುತ್ತವೆ.

ಆ ವರ್ಷ ಅಧ್ಯಕ್ಷ ಭಾವುಸಾಹೇಬರು ಗಡಿಯಾಚೆಯ ಒಂದು ಸಂಘದಲ್ಲಿ ಕಂಪ್ಯೂಟರ್ ನೋಡಿ ಬಂದರು. ಅವರ ಬಳಿ ಇದ್ದದ್ದು ನಮ್ಮ ಬಳಿ ಇಲ್ಲವೆಂದರೆ ಮಾನದ ಪ್ರಶ್ನೆ. ಎರಡು ಸಹಿ ಹಾಕಿ ಕಂಪ್ಯೂಟರ್ ತರಿಸಲಾಯಿತು. ಚಿಕ್ಕೋಡಿಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವ ಜ್ಞಾನದೇವ ಎಂಬ ಇಪ್ಪತ್ತೇಳು ವರ್ಷದ ಗೃಹಸ್ಥ ಮೂರು ತಿಂಗಳು ಕೂತು ನೀರಿನ ಪಾಳಿಯ ಪ್ರೋಗ್ರಾಂ ಬರೆದ. ಸಭೆಯ ಮುಂದೆ ಅದನ್ನು ವಿವರಿಸುವ ಭಾಗ್ಯವೂ ಅವನಿಗೇ ಬಂತು.

"ಇದರಾಗ ಎಲ್ಲಾ ಘಟನಾದ ಮ್ಯಾಲೆ ನಡೀತೈತ್ರಿ," ಎಂದ ಜ್ಞಾನದೇವ. "ಗುಂಡಿ ಒತ್ತಿದ್ದು ಒಂದು ಘಟನಾ, ಮೌಸ್ ಸರಿದದ್ದು ಒಂದು ಘಟನಾ. ಯಾವ ಘಟನಾ ಆದರ ಏನ್ ಮಾಡಬೇಕು ಅಂತ ನಾ ಮೊದಲ ಬರದಿಟ್ಟಿರತೇನಿ. ಘಟನಾ ಆಗೂತನಕ ಪ್ರೋಗ್ರಾಂ ಏನೂ ಮಾಡೂದಿಲ್ರಿ, ಸುಮ್ಮ ಕುಂತಿರತೈತಿ."

"ಘಟನಾ ಆತು, ಆದರ ಏನ್ ಮಾಡಬೇಕಂತ ಬರದಿಟ್ಟಿಲ್ಲ. ಆವಾಗ?" ಎಂದು ಕೇಳಿದವರು ಕಾರ್ಯದರ್ಶಿ ಕಾಕಾಸಾಹೇಬರು.

"ಆವಾಗೂ ಸುಮ್ಮ ಕುಂತಿರತೈತ್ರಿ."

ಕಾಕಾಸಾಹೇಬರಿಗೆ ಸಂತೋಷವಾಯಿತು. ಸರಕಾರಿ ಪದ್ಧತಿಯನ್ನು ಇಷ್ಟು ಚೆನ್ನಾಗಿ ಅರಿತ ಯಂತ್ರಕ್ಕೆ ಬೇರೆ ತರಬೇತಿ ಬೇಕಾಗಿಲ್ಲ ಎಂದು ಅವರು ಅಭಿಪ್ರಾಯಪಟ್ಟರು. ನಾನು ಅದನ್ನು ನಡಾವಳಿಯಲ್ಲಿ ಬರೆದೆ.

ಜ್ಞಾನದೇವ ಪರದೆಯ ಮೇಲೆ ಸದಸ್ಯರ ಪಟ್ಟಿ ತೆರೆದ. ಹೆಸರಿನ ಮೇಲೆ ಬಾಣ ಇಟ್ಟು ಒಮ್ಮೆ ಒತ್ತಿದರೆ ಆ ಸಾಲು ನೀಲಿಯಾಗುತ್ತದೆ, ಟಕಟಕ ಎರಡು ಸಲ ಒತ್ತಿದರೆ ಚೀಟಿ ಅಚ್ಚಾಗಿ ಬರುತ್ತದೆ ಎಂದು ತೋರಿಸಿದ. ಕಾಕಾಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎರಡು ಸಲ ಒತ್ತೂದಂದರ, ಮೊದಲನೇದು ಯಾರು ಒತ್ತಬೇಕು, ಎರಡನೇದು ಯಾರು ಒತ್ತಬೇಕು?"

ಜ್ಞಾನದೇವ ಎಲ್ಲರ ಮುಖ ನೋಡಿದ. ಯಾರೂ ನಗುತ್ತಿರಲಿಲ್ಲ. "ಎರಡೂ ಒಬ್ಬರ ಒತ್ತಬಹುದ್ರಿ," ಎಂದ.

"ಎರಡೂ ಸಹಿ ಒಬ್ಬನ ಮಾಡಿದರ ಅದಕ್ಕ ಏನಂತಾರ ಗೊತ್ತೈತೇನ್ರಿ ನಿಮಗ?"

"ಏನಂತಾರ್ರಿ?"

"ಫೋರ್ಜರಿ ಅಂತಾರ."

ಹೀಗೆ ಮೇಲೆ ಹೇಳಿದ ಠರಾವು ಪಾಸಾಯಿತು. ಡಬಲ್ ಕ್ಲಿಕ್ಕಿಗೆ ಕಚೇರಿ ಭಾಷೆಯಲ್ಲಿ 'ಜೋಡೊತ್ತು' ಎಂದು ಹೆಸರಾಯಿತು. ಮೌಸ್ ಸರಿಯುವುದೂ ಘಟನೆಯೇ ಆದ್ದರಿಂದ, ಬಾಣವು ಸಂಬಂಧವಿಲ್ಲದ ಸದಸ್ಯರ ಹೆಸರಿನ ಮೇಲೆ ಹಾಯ್ದು ಹೋಗತಕ್ಕದ್ದಲ್ಲ, ಪಟ್ಟಿಯ ಅಂಚಿನಿಂದ ಸುತ್ತುಬಳಸಿ ಹೋಗತಕ್ಕದ್ದು ಎಂಬ ಉಪನಿಯಮವನ್ನೂ ಸೇರಿಸಲಾಯಿತು. ಹಳೆಯ ಚೀಟಿ ಪುಸ್ತಕಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಲಾಯಿತು. ಬೀಗದ ಮೇಲಿನ ಕಾಗದಕ್ಕೆ ಎರಡು ಸಹಿ ಆದವು.

ಹೊಸ ಪದ್ಧತಿಯ ಮೊದಲ ಪಾಳಿ ಬಂದದ್ದು ಜುಗೂಳದ ಗಿರಿಜವ್ವನಿಗೆ. ರಸ್ತೆಯ ಬದಿಗೆ ಇಪ್ಪತ್ತು ಗುಂಟೆ ದ್ರಾಕ್ಷಿ, ನಾನೂರು ಬಳ್ಳಿ. ಗಂಡನಿಗೆ ಮೊಣಕಾಲು ನೋವು, ತೋಟವೆಲ್ಲ ಅವಳ ಕೈಯಲ್ಲೇ. ಅಕ್ಟೋಬರ್ ಆರರಂದು ಸೋಮವಾರ ಅವಳು ಬಳ್ಳಿಯ ಛಾಟಣಿ ಮುಗಿಸಿದಳು. ಕೊಂಬೆ ಕತ್ತರಿಸಿದ ಮೇಲೆ ಬಳ್ಳಿಗೆ ನೀರು ಸಿಕ್ಕರೆ ಹತ್ತು ಹನ್ನೆರಡು ದಿನಕ್ಕೆ ಕಣ್ಣು ಒಡೆದು ಚಿಗುರು, ಚಿಗುರಿನ ಜೊತೆ ಗೊಂಚಲು. ನೀರು ಸಿಗದಿದ್ದರೆ ಕಣ್ಣು ಕುರುಡಾಗುತ್ತವೆ, ಆ ವರ್ಷದ ಹಣ್ಣು ಹೋದಂತೆಯೇ. ಇದು ದ್ರಾಕ್ಷಿ ಬೆಳೆಯುವವರಿಗೆಲ್ಲ ಗೊತ್ತು, ಕಾಕಾಸಾಹೇಬರಿಗೂ ಗೊತ್ತು.

ಗುರುವಾರ ಹನ್ನೊಂದಕ್ಕೆ ಸಮಾರಂಭ. ಕಾಕಾಸಾಹೇಬರು ಬಾಣವನ್ನು ನಿಯಮದಂತೆ ಅಂಚಿನಿಂದ ತಂದು ಗಿರಿಜವ್ವನ ಹೆಸರಿನ ಮೇಲೆ ನಿಲ್ಲಿಸಿ ಒತ್ತಿದರು. ಮೌಸನ್ನು ಎರಡೂ ಕೈಯಲ್ಲಿ ಎತ್ತಿ ಅಧ್ಯಕ್ಷರಿಗೆ ಕೊಟ್ಟರು. ಭಾವುಸಾಹೇಬರು ಕನ್ನಡಕ ಒರೆಸಿ, ಹೆಸರು, ಊರು, ಕ್ಷೇತ್ರ ಓದಿ, ಕೆಮ್ಮಿ ಒತ್ತಿದರು. ಚೀಟಿ ಬರಲಿಲ್ಲ.

"ಎರಡೂ ಒತ್ತು ಅರ್ಧ ಸೆಕೆಂಡಿನ್ಯಾಗ ಆಗಬೇಕ್ರಿ ಸಾಹೇಬ್ರ," ಎಂದ ಜ್ಞಾನದೇವ. "ಇಲ್ಲಂದರ ಅದು ಎರಡು ಬ್ಯಾರೆ ಬ್ಯಾರೆ ಘಟನಾ ಅಂತ ತಿಳಕೋತೈತಿ."

"ಅರ್ಧ ಸೆಕೆಂಡಿನ್ಯಾಗ ನಾ ಕಾಗದ ಓದೂದು ಹೆಂಗ? ಓದದ ಸಹಿ ಮಾಡೂ ಮನಷ್ಯಾ ಅಲ್ಲ ನಾ."

ಸಹಿ ಮಾಡುವಾಗ ಅವರು ಓದಿದ್ದನ್ನು ಇಪ್ಪತ್ತು ವರ್ಷದಲ್ಲಿ ನಾನು ನೋಡಿಲ್ಲ, ಆದರೆ ತತ್ವ ಬೇರೆ. ಒಂದು ಉಪಾಯ ಸೂಚಿಸಲಾಯಿತು. ಕಾರ್ಯದರ್ಶಿಯವರ ಬೆರಳು ಮೌಸಿನ ಮೇಲೆ, ಹುದ್ದೆಯ ಹಿರಿತನದ ಪ್ರಕಾರ ಅಧ್ಯಕ್ಷರ ಬೆರಳು ಅದರ ಮೇಲೆ, ಇಬ್ಬರೂ ಕೂಡಿ ಟಕಟಕ ಎನ್ನಿಸುವುದು. ಚೀಟಿ ಬಂತು. ಗಿರಿಜವ್ವ ಕೈ ಚಾಚಿದಳು. ಅಷ್ಟರಲ್ಲಿ ಕಾಕಾಸಾಹೇಬರಿಗೆ ನ್ಯೂನತೆ ಹೊಳೆಯಿತು. ಅಧ್ಯಕ್ಷರು ಒತ್ತಿದ್ದು ಮೌಸನ್ನಲ್ಲ, ಕಾರ್ಯದರ್ಶಿಯನ್ನು. ಮೌಸನ್ನು ಎರಡು ಸಲವೂ ಒತ್ತಿದ್ದು ಕಾರ್ಯದರ್ಶಿಯೊಬ್ಬರೇ. ಎಪ್ಪತ್ನಾಲ್ಕರ ಎಂಜಿನ್ ಎಲ್ಲರ ಕಣ್ಣ ಮುಂದೆ ಬಂತು. ಚೀಟಿ ಹರಿದು ಹಾಕಲಾಯಿತು.

"ಯಪ್ಪಾ, ಇವತ್ತ ನನ್ನ ಪಾಳಿ ಐತಿ," ಎಂದಳು ಗಿರಿಜವ್ವ.

"ಪಾಳಿ ನಿಮ್ಮದ ಐತ್ರಿ, ಅದನ್ನ ಯಾರೂ ಇಲ್ಲ ಅಂದಿಲ್ಲ," ಎಂದು ಕಾಕಾಸಾಹೇಬರು ಸಮಾಧಾನ ಹೇಳಿದರು.

ಶುಕ್ರವಾರ ಜ್ಞಾನದೇವ ಪ್ರೋಗ್ರಾಂ ತಿದ್ದಿದ. ಕಾರ್ಯದರ್ಶಿ ಒಮ್ಮೆ ಒತ್ತಿದರೆ ಸಾಕು, ಪರದೆಯ ನಡುವೆ ಒಂದು ಚೌಕ ಬಂದು 'ಅಧ್ಯಕ್ಷರ ಒತ್ತಿಗಾಗಿ ಕಾಯಲಾಗುತ್ತಿದೆ' ಎಂದು ನಿಲ್ಲುವುದು, ಅಧ್ಯಕ್ಷರು ಸಾವಕಾಶವಾಗಿ ಓದಿ ಒತ್ತಬಹುದು. ಅಧ್ಯಕ್ಷರು ಒತ್ತುವ ತನಕ ಯಂತ್ರ ಬೇರೆ ಯಾವ ಕೆಲಸವನ್ನೂ ಮಾಡದು. ಕಾಕಾಸಾಹೇಬರು ಮತ್ತೆ ಗಿರಿಜವ್ವನ ಹೆಸರಿನ ಮೇಲೆ ಒತ್ತಿದರು. ಚೌಕ ಬಂತು. ಆಗ ತಿಳಿದುಬಂದದ್ದು, ಭಾವುಸಾಹೇಬರು ಬೆಳಗಿನ ಬಸ್ಸಿಗೆ ಸಂಘದ ಕೆಲಸದ ಮೇಲೆ ಅಥಣಿಗೆ ಹೋಗಿದ್ದಾರೆ, ನಾಲ್ಕು ದಿನ ಅಲ್ಲೇ ಮುಕ್ಕಾಮು.

ಚೌಕ ನಿಂತೇ ಇತ್ತು. ಶನಿವಾರ ಪಾಳಿಯಿದ್ದವರೂ ಬಂದು ಚೌಕ ನೋಡಿ ಹೋದರು. ಭಾನುವಾರದವರೂ ಬಂದು ನೋಡಿ ಹೋದರು. ಪಂಪು ನಿಲ್ಲಿಸಲು ಬೇರೆ ಚೀಟಿ ಬೇಕಾದ್ದರಿಂದ ಪಂಪು ನಡೆದೇ ಇತ್ತು. ಹೊಳೆಯ ನೀರು ಮೇಲೆ ಬಂದು ತೊಟ್ಟಿ ತುಂಬಿ, ಹಳ್ಳ ಹಿಡಿದು ಮತ್ತೆ ಹೊಳೆಗೆ ಹೋಯಿತು. ಆ ಹಳ್ಳ ಗಿರಿಜವ್ವನ ತೋಟದಿಂದ ನೂರು ಹೆಜ್ಜೆ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವವರು ಅನ್ನಲಿ, ಪೂಜಾರಿಗೂ ನಿಯಮ ಇರುತ್ತವೆ.

ಸೋಮವಾರ ಛಾಟಣಿಯಾಗಿ ಏಳನೇ ದಿನ. ಗಿರಿಜವ್ವ ಸೆರಗಿನಲ್ಲಿ ಒಂದು ಕಡ್ಡಿ ತಂದು ಜ್ಞಾನದೇವನ ಮುಂದಿಟ್ಟಳು. ಕಣ್ಣುಗಳು ಗಟ್ಟಿಯಾಗಿ, ಕಂದಾಗಿ, ಮುಚ್ಚಿಕೊಂಡಿದ್ದವು.

"ನನಗ ಇದರಾಗೇನೂ ತಿಳಿಯೂದಿಲ್ಲಪಾ. ಇದು ಯಾತಕ್ಕ ನಿಂತೈತಿ?"

"ಇನ್ನೊಂದು ಒತ್ತು ಬೇಕವ್ವಾ. ಅಧ್ಯಕ್ಷರದು."

"ಅಧ್ಯಕ್ಷರದು ಅಂತ ಅದಕ್ಕ ಹೆಂಗ ಗೊತ್ತಾಗತೈತಿ?"

ಸುಳ್ಳು ಹೇಳುವ ಅಭ್ಯಾಸ ಜ್ಞಾನದೇವನಿಗೆ ಆಗಿರಲಿಲ್ಲ. "ಗೊತ್ತಾಗೂದಿಲ್ರಿ. ಒತ್ತಿದರು ಅನ್ನೂದಷ್ಟ ಅದಕ್ಕ ಗೊತ್ತು. ಬೆರಳು ಯಾರದು ಅನ್ನೂದು ತಿಳಿಯೂದಿಲ್ಲ."

ಗಿರಿಜವ್ವ ಬೆರಳು ಸೆರಗಿಗೆ ಒರೆಸಿಕೊಂಡಳು. ಒತ್ತಿದಳು. ಪ್ರಿಂಟರು ಕಿರ್ರೆಂದು ಚೀಟಿ ಕೊಟ್ಟಿತು. ಅದರಲ್ಲಿ 'ಕಾರ್ಯದರ್ಶಿಯವರು ಒತ್ತಿದ್ದಾರೆ, ಅಧ್ಯಕ್ಷರು ಒತ್ತಿದ್ದಾರೆ' ಎಂದು ಸ್ಪಷ್ಟವಾಗಿ ಇತ್ತು. ಜಕ್ಕಪ್ಪ ಓದಿ ವಾಲ್ವು ತಿರುವಿದ. ನೀರು ಸಾಲಿಗೆ ಇಳಿದಾಗ ಆ ಹೆಂಗಸು ಕೆಸರಿನಲ್ಲೇ ಕುಳಿತು ಅತ್ತಳೆಂದು ಜಕ್ಕಪ್ಪ ನನಗೆ ಹೇಳಿದ. ಐದು ದಿನಕ್ಕೆ ಕಣ್ಣು ಒಡೆದವು.

ಅಧ್ಯಕ್ಷರು ಅಥಣಿಯಿಂದ ಬಂದ ಮೇಲೆ ತುರ್ತು ಸಭೆ ಸೇರಿತು. ಪರರ ಬೆರಳಿನಿಂದ ಅಧ್ಯಕ್ಷರ ಅಧಿಕಾರ ಚಲಾವಣೆಯಾದ ಬಗ್ಗೆ ಕ್ರಮ ಕೈಗೊಳ್ಳುವುದು, ಇದು ವಿಷಯ. ನೀರು ಕದ್ದ ಆರೋಪ ಹೊರಿಸಬೇಕೆಂದು ಒಬ್ಬ ನಿರ್ದೇಶಕರು ಎದ್ದು ನಿಂತರು. ಕಾಕಾಸಾಹೇಬರು ಅವರನ್ನು ಕೂರಿಸಿ, ಅಧ್ಯಕ್ಷರ ಕಿವಿಯಲ್ಲಿ ಒಂದು ಸಂಗತಿ ಹೇಳಿದರು. ಯಂತ್ರದ ದಾಖಲೆಯ ಪ್ರಕಾರ ಸೋಮವಾರ ಹತ್ತೂವರೆಗೆ ಅಧ್ಯಕ್ಷರು ಇಲ್ಲಿ ಒತ್ತಿದ್ದಾರೆ. ಪ್ರವಾಸ ಭತ್ತೆಯ ಪ್ರಕಾರ ಅದೇ ಹೊತ್ತಿಗೆ ಅವರು ಅಥಣಿಯಲ್ಲಿ ಇದ್ದಾರೆ.

"ಇಲ್ಲಿದ್ದೆ ಅಂದರ ಭತ್ತೆ ಹೋಗತೈತಿ. ಅಲ್ಲಿದ್ದೆ ಅಂದರ ಯಂತ್ರ ಸುಳ್ಳ ಹೇಳತು ಅಂದಂಗ ಆಗತೈತಿ," ಎಂದರು ಕಾಕಾಸಾಹೇಬರು. "ಯಂತ್ರ ನಾವ ತರಿಸಿದ್ದು."

ಭಾವುಸಾಹೇಬರು ಭತ್ತೆಯ ಬಿಲ್ಲನ್ನು ಮಡಚಿ ಜೇಬಿಗೆ ಹಾಕಿಕೊಂಡರು. "ಭತ್ತೆ ಬಿಡೂದು ದೊಡ್ಡದಲ್ಲ. ಆದರ ಒಮ್ಮೆ ಬಿಟ್ಟರ ರೂಢಿ ಆಗತೈತಿ," ಎಂದರು.

ಆದ್ದರಿಂದ ಗಿರಿಜವ್ವನ ಬಲಗೈ ತೋರುಬೆರಳನ್ನು, ಅಧ್ಯಕ್ಷರು ಅಥಣಿಗೆ ಹೊರಟ ಅಕ್ಟೋಬರ್ ಹತ್ತರಿಂದ ಪೂರ್ವಾನ್ವಯವಾಗಿ ಅಧ್ಯಕ್ಷರ ಪ್ರಭಾರ ಬೆರಳು ಎಂದು ನೇಮಿಸಲಾಯಿತು. ಅಧ್ಯಕ್ಷರಿಗೆ ಸಿಕ್ಕ ಸವಲತ್ತು ತಮಗೂ ಸಿಗಬೇಕಾದ್ದು ನ್ಯಾಯವೆಂದು ಕಾಕಾಸಾಹೇಬರು ಹೇಳಿದ್ದರಿಂದ, ಅವಳ ಎಡಗೈ ತೋರುಬೆರಳನ್ನು ಕಾರ್ಯದರ್ಶಿಯವರ ಪ್ರಭಾರ ಬೆರಳು ಎಂದು ನೇಮಿಸಲಾಯಿತು. ಎಡದಿಂದ ಒಂದು, ಬಲದಿಂದ ಒಂದು, ಅರ್ಧ ಸೆಕೆಂಡಿನೊಳಗೆ ಎರಡು ಒತ್ತು, ಇಬ್ಬರ ಅಧಿಕಾರ. ಜ್ಞಾನದೇವ ಚೌಕ ತೆಗೆದುಹಾಕಿದ. ಹುದ್ದೆ ಗೌರವದ್ದು, ಚಹಾ ಸಂಘದ್ದು. ಬೇಡವೆಂದರೆ ತೋಟ ಕುಡಿದ ನೀರು ಕಳುವಿನದು ಆಗುತ್ತದೆ ಎಂದು ಅವಳಿಗೆ ಮೃದುವಾಗಿ ತಿಳಿಸಲಾಯಿತು. ಪಾಳಿ ತಪ್ಪಿದ ಮಂದಿಯೂ ಅವಳ ಬಾಗಿಲಿಗೆ ಬಂದು ನಿಂತರು, ಅವಳು ಒಪ್ಪಿಕೊಂಡಳು.

ಸಂಘದ ಚರಿತ್ರೆಯಲ್ಲಿ ಇಷ್ಟು ಚೆನ್ನಾಗಿ ನೀರು ಹೋದದ್ದು ನಾನು ಕಂಡಿಲ್ಲ. ಹತ್ತಕ್ಕೆ ಗಿರಿಜವ್ವ ಬರುವಳು, ಕೈ ತೊಳೆಯುವಳು, ಹನ್ನೊಂದರೊಳಗೆ ದಿನದ ಚೀಟಿಯೆಲ್ಲ ಕೊಟ್ಟು ಮುಗಿಸುವಳು. ಜನ ಅವಳನ್ನು 'ಸಾಹೇಬರವ್ವ' ಎಂದು ಕರೆಯತೊಡಗಿದರು. ಅವಳು ಬೇಡವೆನ್ನಲಿಲ್ಲ. ಅರ್ಜಿಯಲ್ಲಿ ಹೊಲದ ಗಟ್ಟ ನಂಬರು ಬರೆಯದೆ ತಂದವರನ್ನು ಎರಡು ಸಲ ವಾಪಸು ಕಳಿಸಿದ್ದನ್ನೂ ನಾನು ಮೆಚ್ಚುಗೆಯಿಂದ ನೋಡಿದೆ.

ಹೀಗಿರುವಾಗ ಅವಳ ತೋಟದ ಎರಡನೇ ಪಾಳಿ ಬಂತು. ಚಿಗುರಿನಲ್ಲಿ ಸಾಸಿವೆಯಷ್ಟು ಗೊಂಚಲು ಕಾಣುತ್ತಿದ್ದವು. ತನ್ನ ಹೊಲಕ್ಕೆ ತಾನೇ ಒತ್ತುವುದು ಸ್ವಹಿತವಾಗುತ್ತದೆ ಎಂದು ಸಭೆ ತೀರ್ಮಾನಿಸಿತು. ಅವಳ ಹೆಸರಿನ ಸಾಲನ್ನು ಜ್ಞಾನದೇವ ಬೂದು ಬಣ್ಣ ಮಾಡಿದ. ಬೂದಾದ ಸಾಲಿನ ಮೇಲೆ ಎಷ್ಟು ಒತ್ತಿದರೂ ಘಟನೆ ಆಗುವುದಿಲ್ಲ. ಅಧ್ಯಕ್ಷರು, ಕಾರ್ಯದರ್ಶಿ ತಾವೇ ಒತ್ತಬಹುದಲ್ಲ ಎಂದು ಅವನು ಕೇಳಿದ್ದುಂಟು. ಬೆರಳು ಯಾರದೆಂದು ಯಂತ್ರಕ್ಕೆ ತಿಳಿಯದು ಎಂದವನು ಅವನೇ, ಆದಕಾರಣ ನಿರ್ಬಂಧ ಸಮಸ್ತ ಬೆರಳುಗಳಿಗೂ ಅನ್ವಯಿಸುತ್ತದೆ ಎಂದು ಉತ್ತರ ಕೊಡಲಾಯಿತು. ಗಿರಿಜವ್ವ ಸಭೆಯಲ್ಲೇ ಇದ್ದಳು. ಕೇಳಿ ತಲೆ ಆಡಿಸಿ, "ಖರೇ ಐತ್ರಿ," ಎಂದಳು.

ಮರುದಿನದಿಂದ ಗಿರಿಜವ್ವ ನಸುಕಿನಲ್ಲೇ ಚಕ್ಕಡಿಯಲ್ಲಿ ಬ್ಯಾರಲ್ಲು ಹೇರಿಕೊಂಡು ಹೊಳೆಗೆ ಹೋಗಿ, ನಾನೂರು ಬಳ್ಳಿಗೆ ಕೊಡ ಕೊಡವಾಗಿ ನೀರು ಹಾಕತೊಡಗಿದಳು. ಅದು ಮುಗಿದ ಮೇಲೆ ಅವಳು ಕಚೇರಿಗೆ ಬರುವಳು. ನಾನು ಸೈಕಲ್ ಮೇಲೆ ಬರುವಾಗ ಒಂದು ದಿನ ಚಕ್ಕಡಿ ಅವಳ ತೋಟದ ವಾಲ್ವಿನ ಮುಂದೆ ನಿಂತಿತ್ತು. ಜಕ್ಕಪ್ಪ ವಾಲ್ವಿನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ. ನಿಯಮ ಮೀರಿ ಒಂದು ಹನಿ ಬಿಟ್ಟವನಲ್ಲ ಅವನು. ಅವಳ ಹೆಗಲು ಬಾತಿದ್ದನ್ನು ಅವನೂ ನೋಡಿದ, ನಾನೂ ನೋಡಿದೆ.

"ಯವ್ವಾ, ತಿರವಲೇನ? ಯಾರೂ ನೋಡೂದಿಲ್ಲ," ಎಂದ.

ಗಿರಿಜವ್ವ ವಾಲ್ವನ್ನು ನೋಡಿದಳು, ಬಳ್ಳಿಯ ಸಾಲನ್ನು ನೋಡಿದಳು.

"ಚೀಟಿ ಐತೇನ?"

"ಇಲ್ಲಬೇ."

"ಚೀಟಿ ಇಲ್ಲದ ಹೆಂಗ ತಿರವತಿ? ಹತ್ತರ ಮ್ಯಾಲೆ ಆಫೀಸಿಗೆ ಬಾ. ನೋಡೂನು."

ಅದೂ ಸರಿಯೇ ಎಂದು ಜಕ್ಕಪ್ಪ ಕೈ ತೆಗೆದ. ನನಗೂ ಸರಿ ಎನಿಸಿತು. ಅವಳು ಖಾಲಿ ಬ್ಯಾರಲ್ಲು ನೆಟ್ಟಗೆ ಮಾಡಿ ಎತ್ತು ಹೊಡೆದಳು, ಚಕ್ಕಡಿ ಹೊಳೆಯ ಕಡೆ ಹೋಯಿತು.