ಸೆಕ್ರೆಟರಿ ಕಿವಿಗೆ ಎರಡು ಕನೆಕ್ಷನ್

ಕಿವಿ ಮಂದವಾಗಿದ್ದಾಗ ಆದ ಫಜೀತಿಗಳೇ ಸಾಕಷ್ಟು ಎಂದುಕೊಂಡಿದ್ದೆ. ಕಿವಿ ಕೇಳಲು ಶುರುವಾದ ಮೇಲೆ ಅವು ಇನ್ನೂ ಹೆಚ್ಚಾದವು.

ನಾನು ಬನ್ನೂರಿನ ಹತ್ತಿರದ ಒಂದು ಹಳ್ಳಿಯ ಹಾಲಿನ ಡೈರಿಯಲ್ಲಿ ಸೆಕ್ರೆಟರಿ. ಕೂಗಿದರೂ ತಿರುಗಿ ನೋಡುವುದಿಲ್ಲವೆಂದು ನಮ್ಮ ಡೈರೆಕ್ಟರೊಬ್ಬರಿಗೆ ನನ್ನ ಮೇಲೆ ಸಿಟ್ಟು. "ಕಿವುಡುನ್ನ ಇಟ್ಕೊಂಡು ಡೈರಿ ನಡ್ಸಕ್ಕಾಯ್ತದಾ? ಬೇರೆಯವ್ರನ್ನ ಆಕಿ" ಎಂದು ಊರೆಲ್ಲ ಹೇಳಿ, ಮುಂದಿನ ಕಮಿಟಿ ಮೀಟಿಂಗಿಗೆ ಅದನ್ನೇ ವಿಷಯ ಮಾಡಿಸಿದರು. ಈ ವಯಸ್ಸಿನಲ್ಲಿ ಕೆಲಸ ಹೋದರೆ ಏನು ಗತಿ ಎಂದು ನನಗೆ ನಿಜವಾಗಿ ಭಯವಾಯಿತು. ನಂಜನಗೂಡಿಗೆ ಹೋಗಿ ಎರಡೂ ಕಿವಿಗೆ ಮೆಷಿನ್ ಹಾಕಿಸಿಕೊಂಡೆ.

ಅಂಗಡಿಯವರು ವೈರಿಲ್ಲದೆ ನನ್ನ ಫೋನನ್ನೂ ಡೈರಿಯ ಲ್ಯಾಪ್‌ಟಾಪನ್ನೂ ಒಟ್ಟಿಗೆ ಅದಕ್ಕೆ ಜೋಡಿಸಿಕೊಟ್ಟರು. "ಎರಡೂ ನೇರ ನಿಮ್ಮ ಕಿವಿಗೇ ಬರುತ್ವೆ ಸಾರ್. ಫೋನ್ ಬಂದ್ರೆ ಅದಕ್ಕೇ ಮೊದಲ ಮರ್ಯಾದೆ, ಹೊರಗಿನ ಮಾತು ಆಗ ನಿಮಗೆ ಕೇಳ್ಸಲ್ಲ. ಕಿವಿ ಹತ್ರ ಆಡಿದ ಮಾತನ್ನ ಫೋನಲ್ಲಿ ಆ ಕಡೆ ಇರೋರಿಗೆ ಕಳಿಸೋದೂ ಈ ಮೆಷಿನ್ನೇ" ಎಂದರು. ನಾನು ತಲೆಯಾಡಿಸಿದೆ. ಅರ್ಥವಾದದ್ದು ಅರ್ಧ ಮಾತ್ರ.

ಬಸ್ಸಿನಲ್ಲಿ ದೇವರು

ಅಂದೇ ನರಸೀಪುರದ ಬಸ್ಸು ಹತ್ತಿದೆ. ಅರ್ಧ ದಾರಿಯಲ್ಲಿ ಹೆಂಡತಿಯ ಫೋನು ಬಂತು. ಫೋನನ್ನು ಜೇಬಿನಲ್ಲೇ ಬಿಟ್ಟು, ಕಣ್ಣು ಮುಚ್ಚಿಕೊಂಡು ಮಾತಾಡಿದೆ. "ಬರ್ತಾ ಇದ್ದೀನಿ. ನೀನು ಹೆದರಬೇಡ. ಇನ್ಮೇಲೆ ಎಲ್ಲರ ಮಾತೂ ನನಗೆ ಕೇಳ್ಸುತ್ತೆ."

ಕಣ್ಣು ಬಿಟ್ಟರೆ ಪಕ್ಕದ ಸೀಟಿನ ಅಜ್ಜಿ ಕೈಮುಗಿದು ಕೂತಿದ್ದರು. ನನ್ನ ತೊಡೆಯ ಮೇಲೆ ಎರಡು ಬಾಳೆಹಣ್ಣು.

"ಯಾವ್ ದೇವ್ರಪ್ಪಾ ನೀನು?" ಎಂದು ಕೇಳಿದರು.

ಕಿವಿಯ ಮೆಷಿನ್ ತೋರಿಸಿ, ನಾನು ಡೈರಿಯ ಸೆಕ್ರೆಟರಿ ಎಂದು ವಿವರವಾಗಿ ಹೇಳಿದೆ.

"ಡೈರಿಯವ್ನಾ?" ಎಂದ ಅಜ್ಜಿ ಬಾಳೆಹಣ್ಣು ವಾಪಸ್ ತೆಗೆದುಕೊಂಡರು.

ಹಾಲು ಗಟ್ಟಿಯಾದದ್ದು

ಮರುದಿನ ಬೆಳಿಗ್ಗೆ ಹಾಲು ಹಾಕಲು ಹೆಂಗಸರು ಸಾಲಾಗಿ ನಿಂತಿದ್ದಾಗಲೇ ಮೇಲಿನ ಆಫೀಸಿನವರು ಲ್ಯಾಪ್‌ಟಾಪಿನಲ್ಲಿ ಮೀಟಿಂಗ್ ಕರೆದರು. ಸಾಹೇಬರ ಮಾತು ನನ್ನ ಕಿವಿಗೆ ಮಾತ್ರ. ಹೊರಗಿನವರಿಗೆ ಕಂಡದ್ದು, ಸದ್ದಿಲ್ಲದ ಕಂಪ್ಯೂಟರ್ ಮುಂದೆ ಕೂತು "ಹೌದು ಸಾರ್, ಯಾರು ನೀರು ಹಾಕ್ತಾರೆ ಅಂತ ಕಂಡುಹಿಡೀತೀನಿ ಸಾರ್" ಎನ್ನುತ್ತಿರುವ ನಾನು.

"ಏನಣ್ಣಾ ಅದು, ಕಂಪ್ಯೂಟ್ರು ಅವ್ರ ಕಿವೀಲಿ ಏನೋ ಯೋಳ್ತಾ ಅದೆ?" ಎಂದು ಒಬ್ಬಾಕೆ ನಮ್ಮ ಟೆಸ್ಟರನ್ನು ಕೇಳಿದಳು.

ನೀರು ಬೆರೆತಿದೆಯೇ ಎಂದು ಹಾಲಿನ ಡಿಗ್ರಿ ನೋಡುವ ಆ ಟೆಸ್ಟರು ಮಹಾ ಕಿಲಾಡಿ. "ಊರಲ್ಲಿ ಯಾವ್ ಮನೇಲಿ ಏನ್ ಮಾತಾಡುದ್ರೂ ಅದು ಕೇಳುಸ್ಕೊಂಡು ಸೆಕ್ರೆಟ್ರಿಗೆ ಯೋಳ್ತದೆ ಕಣವ್ವ. ಕ್ಯಾನಿಗೆ ನೀರುಯ್ಯೋ ಸದ್ದೂ ಸೈತ" ಎಂದರು.

ಆಮೇಲೆ ಅವರೇ ಇದನ್ನು ನನಗೆ ಹೇಳಿದಾಗ ನಾನು ತಿದ್ದಲು ಹೋಗಲಿಲ್ಲ. ನಾಲ್ಕು ದಿನದಲ್ಲಿ ಊರಿನ ಹಾಲಿನ ಡಿಗ್ರಿ ಏರಿತು. ಹಾಲಿನ ಲಾರಿಯ ಡ್ರೈವರ್ ಕೇಳಿದ, "ಏನ್ ಸಾ, ಊರ್ನೋರೆಲ್ಲಾ ಒಟ್ಟಿಗೆ ಒಸಾ ಎಮ್ಮೆ ಇಡುದ್ರಾ?"

ಕಮಿಟಿ ಮೀಟಿಂಗ್

ಆ ದಿನ ಬಂತು. ಒಳಗೆ ಹೋಗುವ ಮೊದಲು ಹೆಂಡತಿಗೆ ಫೋನು ಮಾಡಿದೆ. ನನಗಿಂತ ಅವಳಿಗೇ ಹೆಚ್ಚು ಗಾಬರಿ. ಅಷ್ಟರಲ್ಲಿ ಅದೇ ಡೈರೆಕ್ಟರು ಬಂದು ನನ್ನ ತೋಳು ಹಿಡಿದು, ಗೋಡೆಯ ಮರೆಗೆ ಎಳೆದುಕೊಂಡು ಹೋಗಿ, ಕಿವಿಗೆ ಬಾಯಿಟ್ಟರು. ತುಟಿ ಅಲ್ಲಾಡುತ್ತಿತ್ತು, ಒಂದಕ್ಷರವೂ ಕೇಳಲಿಲ್ಲ. ನನ್ನ ಕಿವಿಯಲ್ಲಿದ್ದದ್ದು ಹೆಂಡತಿ.

"ಧೈರ್ಯವಾಗಿರಿ, ಜಗಳ ಆಡ್ಬೇಡಿ" ಎಂದಳು. ಆಮೇಲೆ ಇದ್ದಕ್ಕಿದ್ದಂತೆ ಸುಮ್ಮನಾದಳು.

"ಆಯ್ತು, ಹಾಗೇ ಮಾಡ್ತೀನಿ" ಎಂದು ನಾನು ಅವಳಿಗೆ ಹೇಳಿದೆ.

ಡೈರೆಕ್ಟರು ನನಗೆ ಕೈಮುಗಿದು, ಬೆವರು ಒರೆಸಿಕೊಂಡು ಒಳಗೆ ಹೋದರು. ಮೀಟಿಂಗಿನಲ್ಲಿ ಅವರೇ ಮೊದಲು ಎದ್ದು, "ಇಂತಾ ಸೆಕ್ರೆಟ್ರಿ ಈ ಸೀಮೇಲಿ ಸಿಕ್ಕಲ್ಲ. ಇವ್ರೇ ಇರ್ಲಿ" ಎಂದರು. ಕೆಲಸ ಉಳಿಯಿತು. ಯಾಕೆ ಉಳಿಯಿತೆಂದು ನನಗೇ ಗೊತ್ತಿರಲಿಲ್ಲ.

ಮನೆಗೆ ಬಂದರೆ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ನಿಮ್ಮ ಕಿವೀಗೆ ಹೇಳಿದ್ದೆಲ್ಲಾ ನನ್ನ ಫೋನಿಗೆ ಬಂತು ಕಣ್ರೀ. ದಿನಾ ಬೆಳಿಗ್ಗೆ ಕ್ಯಾನನ್ನ ಕೊಳಾಯಿ ಕೆಳಗೆ ಇಡ್ತಿದ್ದದ್ದು ಅವರೇ ಅಂತೆ. ಹೆಂಡ್ತಿಗೂ ಗೊತ್ತಿಲ್ವಂತೆ. 'ಕಂಪ್ಯೂಟ್ರಿಂದ ಅದ್ನ ಅಳ್ಸಾಕ್ಬುಡಿ ಸಾ, ನಿಮ್ ಕೆಲ್ಸ ನಾನ್ ಉಳುಸ್ತೀನಿ' ಅಂದ್ರು. ನೀವು 'ಆಯ್ತು' ಅಂದ್ರಿ."

ನಾನು ಓಡಿ ಹೋಗಿ ಬಾಗಿಲು ಹಾಕಿದೆ. "ಯಾರಿಗೂ ಹೇಳ್ಬೇಡ ಮಾರಾಯ್ತಿ. ಪಾಪ, ಅವರ ಹೆಂಡ್ತಿಗೆ ಗೊತ್ತಾದ್ರೆ ಮನೆಗೇ ಸೇರಿಸಲ್ಲ."

"ನಾನ್ಯಾಕೆ ಹೇಳ್ಲಿ?" ಎಂದಳು. "ನನಗೆ ಧೈರ್ಯ ಹೇಳೋಕೆ ಅಂತ ಆವಮ್ಮ ಬಂದು ಪಕ್ಕದಲ್ಲೇ ಕೂತಿದ್ರು. ಅವರಿಗೂ ಕೇಳ್ಸಲಿ ಅಂತ ಫೋನನ್ನ ಸ್ಪೀಕರಿಗೆ ಹಾಕಿದ್ದೆ."