ಖಾಲಿ ಜಾಗದಲ್ಲಿ ನಿಂತ ಕಾರು

ನಮ್ಮ ಬೀದಿಯವರು ನನ್ನ ವಿಷಯದಲ್ಲಿ ಒಂದು ಮಾತು ಹೇಳುತ್ತಿದ್ದರು: "ಆತ ದಿನಾ ಮೂರು ಸಲ ಹೊರಡ್ತಾನೆ, ಒಂದು ಸಲ ಹೋಗ್ತಾನೆ." ಮೊದಲ ಸಲ ಹೊರಟಾಗ ಕನ್ನಡಕ ಮರೆತಿರುತ್ತೇನೆ, ಎರಡನೆಯ ಸಲ ಊಟದ ಡಬ್ಬಿ. ಎದುರುಮನೆಯ ಅಜ್ಜಿಯಂತೂ ನಾನು ಮೂರನೆಯ ಸಲ ಗೇಟು ದಾಟುವವರೆಗೆ ಒಲೆಯ ಮೇಲೆ ಹಾಲಿಡುತ್ತಿರಲಿಲ್ಲ. ಮೊದಲೇ ಇಟ್ಟರೆ, ನನ್ನ ಫಜೀತಿ ನೋಡುತ್ತ ಜಗುಲಿಯಲ್ಲಿ ನಿಂತುಬಿಟ್ಟಾಗ ಹಾಲೆಲ್ಲ ಉಕ್ಕಿಹೋಗುತ್ತದೆ ಎಂಬುದು ಆಕೆಯ ಅನುಭವ.

ಇದರಲ್ಲಿ ನನ್ನ ತಪ್ಪೇನಿದೆ ಹೇಳಿ? ರಸ್ತೆಗಳ ನಕ್ಷೆ ಬರೆಯುವುದು ನನ್ನ ಕಸುಬು. ದಿನವಿಡೀ ಕಾಗದದ ಮೇಲೆ ಹೊಳೆ ದಾಟಿ ಬೆಟ್ಟ ಹತ್ತುವವನಿಗೆ ಕಾಲು ನೆಲದ ಮೇಲಿರಬೇಕೆಂದರೆ ಹೇಗಾದೀತು? ಬೆಳಗಿನ ಆಕಾಶದಲ್ಲಿ ಒಂದು ಮೋಡ ತೇಲಿತೆಂದರೆ ಸಾಕು, ಅದರ ಅಂಚಿಗೆ ಯಾವ ಬಣ್ಣ ಹಚ್ಚಲಿ ಎಂದು ಮನಸ್ಸು ಅದರ ಹಿಂದೆಯೇ ಹೊರಟುಬಿಡುತ್ತದೆ. ಕೆಲಸಕ್ಕೆ ಹೋಗುವುದು ದೇಹ ಮಾತ್ರ.

ಆ ದೇಹವನ್ನು ತಕ್ಕ ಸಾಮಾನಿನ ಜೊತೆ ಕಳಿಸಿಕೊಡುವ ಹೊಣೆ ನನ್ನ ಹೆಂಡತಿಯದು. ಅವಳು ಬಟ್ಟೆ ಹೊಲಿಯುವವಳು, ಪೇಟೆಯಲ್ಲಿ ಅವಳದೇ ಅಂಗಡಿಯಿದೆ. ಬೆಳಿಗ್ಗೆ ಕಿಟಕಿಯಲ್ಲಿ ನಿಂತು ಕೂಗುತ್ತಿದ್ದಳು: ಕನ್ನಡಕ? ಡಬ್ಬಿ? ಕರ್ಚೀಫು? ನಾನು ಶಾಲೆಯ ಹಾಜರಿಗೆ ಉತ್ತರಿಸುವಂತೆ "ಇದೆ, ಇದೆ" ಎನ್ನುತ್ತಿದ್ದೆ. ಇಡೀ ಬೀದಿಗೆ ನನ್ನ ಜೇಬಿನ ವಿವರ ಬಾಯಿಪಾಠ.

ಈ ಅವಮಾನದಿಂದ ನನ್ನನ್ನು ಪಾರುಮಾಡಲೆಂದೇ ಅವತರಿಸಿತು ನೋಡಿ, ಆ ಆ್ಯಪ್! ನಾನು ದಿನಾ ಕಾರನ್ನು ರೈಲು ಸ್ಟೇಷನ್ನಿನ ಪಾರ್ಕಿಂಗಿನಲ್ಲಿ ಬಿಟ್ಟು ರೈಲು ಹತ್ತುವವನು. ಅಲ್ಲಿ ಚೀಟಿ ಹರಿದು ಕೊಡುವುದು ನಿಂತು, ಎಲ್ಲವೂ ಮೊಬೈಲಿಗೆ ಬಂತು. ಬೆರಳಿನಿಂದ ಒಂದು ಚೌಕ ಒತ್ತಿದರೆ ಜಾಗ ನಮ್ಮದು, ಇನ್ನೊಂದು ಒತ್ತಿದರೆ ದುಡ್ಡು ಸಂದಾಯ. ಅವತ್ತು ಸಂಜೆ ನಾನು ಮನೆಯ ನಡುವೆ ನಿಂತು ಘೋಷಿಸಿಯೇಬಿಟ್ಟೆ. "ನಾಳೆಯಿಂದ ಕಿಟಕೀಲಿ ನಿಂತು ಕೂಗೋ ಕೆಲಸದಿಂದ ನಿನಗೆ ಬಿಡುಗಡೆ ಕಣೇ. ಕಾರು ಎಲ್ಲಿ ನಿಲ್ಲಿಸಿದೀನಿ ಅನ್ನೋದನ್ನೂ ಇದೇ ನೆನಪಿಟ್ಕೊಳ್ಳುತ್ತೆ."

ಅವಳು ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ನಿಧಾನವಾಗಿ ತೆಗೆದಳು. "ನಿಮ್ಮನ್ನ ನೀವು ಎಲ್ಲಿ ನಿಲ್ಲಿಸಿದೀರಿ ಅಂತಾನೂ ಅದಕ್ಕೆ ಗೊತ್ತಾಗುತ್ತೇನ್ರೀ?"

ಮಹತ್ಕಾರ್ಯಕ್ಕೆ ಇಳಿದವರು ಕೊಂಕಿಗೆ ಕಿವಿಗೊಡಬಾರದು.

ಅವಳು ಆಗ ಹೊಲಿಯುತ್ತಿದ್ದುದು ಚಂದ್ರನನ್ನು. ನಮ್ಮ ಮಗಳ ಶಾಲೆಯಲ್ಲಿ ಮರುದಿನ ಸಂಜೆ ನಾಟಕ, ಮಗಳದು ಚಂದ್ರನ ಪಾತ್ರ. ಬೆತ್ತದ ದೊಡ್ಡ ಬಳೆ ಕಟ್ಟಿ, ಅದರ ಮೇಲೆ ಬೆಳ್ಳಿ ಬಣ್ಣದ ಬಟ್ಟೆ ಬಿಗಿದು, ನಡುವೆ ಮಗಳ ಮುಖ ತೂರುವಷ್ಟು ಕಿಂಡಿ ಬಿಟ್ಟಿದ್ದಳು. ಮಗಳು ಆ ಕಿಂಡಿಯಲ್ಲಿ ಮುಖವಿಟ್ಟು "ಅಪ್ಪಾ, ನಾನು ಬರೋವರೆಗೂ ಯಾರಿಗೂ ಬೆಳಕೇ ಇರಲ್ಲ" ಎಂದು ಎಷ್ಟು ಸಲ ಹೇಳಿದ್ದಳೋ. ಚಂದ್ರ ಬಂದರೆ ಮಾತ್ರ ನಾಟಕ ಮುಗಿಯುವುದು.

ಅಷ್ಟಗಲದ ಚಂದ್ರ ಕಿಕ್ಕಿರಿದ ಬಸ್ಸಿನಲ್ಲಿ ನಜ್ಜುಗುಜ್ಜಾಗುತ್ತಾನೆ. ಶಾಲೆ ಹತ್ತಿರವೇ ಇದೆಯಲ್ಲ, ತಲೆಯ ಮೇಲೆ ಹೊತ್ತುಕೊಂಡು ಹೋದರಾಯಿತು ಎಂದಳು ಹೆಂಡತಿ. ನಕ್ಷೆ ಬರೆಯುವ ಮನುಷ್ಯ ಚಂದ್ರನನ್ನು ತಲೆಯ ಮೇಲೆ ಹೊತ್ತು ಬೀದಿಯಲ್ಲಿ ಮೆರವಣಿಗೆ ಹೋಗುವುದೇ? ಕಾರು ಇರುವುದೇತಕ್ಕೆ? ಸಂಜೆ ರೈಲಿಳಿದವನೇ ಸ್ಟೇಷನ್ನಿನಿಂದ ನೇರ ಶಾಲೆಗೆ ತಂದು ಮುಟ್ಟಿಸುತ್ತೇನೆಂದು ಮಾತು ಕೊಟ್ಟೆ. ರಾತ್ರಿಯೇ ಚಂದ್ರನನ್ನು ಹಿಂದಿನ ಸೀಟಿನಲ್ಲಿ ಕೂರಿಸಿದೆವು.

ನಮ್ಮ ಕಾರಿನ ಪರಿಚಯವನ್ನೂ ಮಾಡಿಕೊಡಬೇಕು. ಅದಕ್ಕೆ ಮನೆಯಲ್ಲಿಟ್ಟ ಹೆಸರು ಬಾಯಿಬಡುಕಿ. ಅದರ ರೇಡಿಯೋದ ಗುಂಡಿ ಮುರಿದು ವರ್ಷಗಳಾಗಿವೆ. ಕೀಲಿ ತಿರುಗಿಸಿದ ಕ್ಷಣ ಬಾಯಿ ತೆರೆದರೆ, ಕೀಲಿ ಪೂರ್ತಿ ಹಿಂದಕ್ಕೆ ತಿರುಗಿಸುವವರೆಗೆ ಮುಚ್ಚುವುದಿಲ್ಲ.

ಮರುದಿನ ಬೆಳಿಗ್ಗೆ ಹೆಂಡತಿ ಮಗಳನ್ನು ಕರೆದುಕೊಂಡು ಬೇಗನೇ ಹೊರಟಳು. ಕೊಟ್ಟ ಬಿಡುಗಡೆಯನ್ನು ಗೌರವಿಸಿ ಒಂದೇ ಒಂದನ್ನು ನೆನಪಿಸಿದಳು: "ಚಂದ್ರ."

ನಾನು ಕಾರು ಹತ್ತಿ ಬೀದಿಯ ತಿರುವಿನವರೆಗೆ ಹೋದೆ. ಮೊಬೈಲೇ ಇಲ್ಲ! ಹಿಂದೆ ಬಂದು, ಗೇಟಿನ ಮುಂದೆ ನಿಲ್ಲಿಸಿ, ಒಳಗೆ ಓಡಿ, ಮೇಜಿನ ಮೇಲಿದ್ದ ಅದನ್ನು ಎತ್ತಿಕೊಂಡೆ. ಸ್ಟೇಷನ್ನಿನಲ್ಲಿ ಹೊತ್ತು ಹಾಳುಮಾಡುವುದೇಕೆಂದು ನಡೆಯುತ್ತಲೇ ಆ್ಯಪ್ ತೆರೆದೆ. ಪಾರ್ಕಿಂಗಿನ ನಕ್ಷೆ ಅರಳಿತು. ಆಹಾ, ಎಂಥ ನಕ್ಷೆ! ಕಸುಬುದಾರನ ಕಣ್ಣು ತಣಿಯುವಂಥದ್ದು. ಹಸಿರು ಚೌಕಗಳು ಗದ್ದೆಯ ಹಾಗೆ ಹಬ್ಬಿದ್ದವು. ದೀಪದ ಕಂಬದ ಪಕ್ಕದ ಚೌಕ ಒತ್ತಿದೆ, ಅದು ನಾಚಿ ಕೆಂಪಾಯಿತು. ದುಡ್ಡು ಕಟ್ಟಿದೆ. "ನಿಮ್ಮ ವಾಹನ ಸುರಕ್ಷಿತವಾಗಿ ನಿಂತಿದೆ" ಎಂದಿತು. ಎಷ್ಟು ಆದರ!

ಅಂದಿನ ಪಯಣವನ್ನು ಹೇಗೆ ಬಣ್ಣಿಸಲಿ? ಹಾರ್ನಿಲ್ಲ, ಬ್ರೇಕಿಲ್ಲ. ಎಳೆಬಿಸಿಲು ಗೋಡೆಯಿಂದ ಗೋಡೆಗೆ ನನ್ನ ಜೊತೆಗೇ ಬಂತು. ಯಾರದೋ ತೋಟದ ಹೂವಿನ ವಾಸನೆ ಮೂಗಿಗೇ ಬಂದು ಮುತ್ತಿಟ್ಟಿತು. ಎಲ್ಲೋ ಒಂದು ರೇಡಿಯೋ ಹಾಡುತ್ತಿತ್ತು, ಆ ಹಾಡು ಹೋಗುತ್ತ ಹೋಗುತ್ತ ಸಣ್ಣದಾಗಿ, ದಾರದೆಳೆಯಾಗಿ, ಗಾಳಿಯಲ್ಲಿ ಕರಗಿತು. ಆಮೇಲೆ ಬರಿಯ ಹಕ್ಕಿಗಳು. ರೈಲಿನಲ್ಲಿ ಕೂತಾಗ ನನಗೆ ಹೊಳೆಯಿತು: ಇವತ್ತು ನಾನು ಎರಡೇ ಸಲಕ್ಕೆ ಹೊರಟುಬಂದಿದ್ದೇನೆ! ಆ್ಯಪಿನ ಮಹಿಮೆ ಅಂದರೆ ಇದು.

ಸಂಜೆ ಬಂದು ದೀಪದ ಕಂಬದ ಬಳಿ ನಿಂತೆ. ಕಂಬವಿತ್ತು. ಅದರ ಪಕ್ಕದಲ್ಲಿ ಒಂದು ಚೌಕ ಖಾಲಿ ನೆಲವಿತ್ತು.

ಮಧ್ಯಾಹ್ನದ ಪಾಳಿಗೆ ಬಂದಿದ್ದ ಕಾವಲುಗಾರ ಓಡಿಬಂದ. ಯಾರು ಬಂದರೂ ಆ ಜಾಗದಲ್ಲಿ ನಿಲ್ಲಿಸಲು ಬಿಟ್ಟಿಲ್ಲವೆಂದು ಎದೆಯುಬ್ಬಿಸಿ ಹೇಳಿದ. ಒಬ್ಬ ಡಾಕ್ಟರನ್ನೂ ಅಟ್ಟಿದ್ದನಂತೆ. ನನ್ನ ಕಾರೆಲ್ಲಿ ಎಂದೆ. ತನ್ನ ಮೊಬೈಲು ನೋಡಿದ, ನೆಲ ನೋಡಿದ, ಮತ್ತೆ ಮೊಬೈಲು ನೋಡಿದ.

"ಇದರಲ್ಲಿ ಕಾರು ನಿಂತಿದೆ ಅಂತಿದೆ ಸಾರ್. ಕಣ್ಣಿಗೆ ಮಾತ್ರ ಕಾಣ್ತಿಲ್ಲ. ಯಾವುದನ್ನ ನಂಬಲಿ?"

ಜೇಬಿಗೆ ಕೈ ಹಾಕಿದೆ. ಕೀಲಿಯೂ ಇಲ್ಲ! ಎಂಥ ಕಳ್ಳ, ಜೇಬಿನೊಳಗಿನ ಕೀಲಿ ಎಗರಿಸಿ, ಕಾರನ್ನೂ ಎಗರಿಸಿ, ಅದರೊಳಗಿನ ಚಂದ್ರನನ್ನೂ ಹೊತ್ತೊಯ್ದಿದ್ದಾನೆ. ಕಾವಲುಗಾರ ಸೀಟಿ ಊದಿ ಗೇಟು ಮುಚ್ಚಿಸಿದ. ರೈಲಿಳಿದು ಮನೆಗೆ ಹೊರಟಿದ್ದವರ ಕಾರುಗಳೆಲ್ಲ ಸಾಲುಗಟ್ಟಿ ನಿಂತು ಅರಚತೊಡಗಿದವು. ಆತ ಒಂದೊಂದನ್ನೂ ಬಗ್ಗಿ ನೋಡಿದ. ಒಬ್ಬರ ಡಿಕ್ಕಿಯನ್ನೂ ತೆರೆಸಿದ, ಅದರೊಳಗೆ ನನ್ನ ಕಾರು ಅಡಗಿರಬಹುದು ಎನ್ನುವಂತೆ.

ಆ ಗದ್ದಲದಲ್ಲಿ ಹೆಂಡತಿಯ ಫೋನು. ಶಾಲೆಯಿಂದ.

"ಎಲ್ಲಿದೀರಿ? ನಾಟಕ ಶುರುವಾಯ್ತು. ನಿಮಗೋಸ್ಕರ ಸೂರ್ಯ ಮುಳುಗೋದನ್ನೇ ಎಳೀತಿದಾರೆ. ಮುಳುಗ್ತಾನೆ, ಏಳ್ತಾನೆ, ಮತ್ತೆ ಮುಳುಗ್ತಾನೆ. ಪಾಪ, ಆ ಹುಡುಗನ ಮೊಣಕಾಲು ಸೋತುಹೋಗಿದೆ."

"ಕಾರು ಕಳುವಾಗಿದೆ ಕಣೇ," ಎಂದೆ.

ಆ ಕಡೆ ಅವಳ ಹಿಂದೆ ಮಗಳು "ಅಪ್ಪ ಬಂದ್ರಾಮ್ಮ?" ಎಂದು ಕೇಳುತ್ತಿದ್ದಳು. ಆ ಕ್ಷಣಕ್ಕೆ ಆ್ಯಪು, ಕಾರು, ನನ್ನ ಕನಸು ಎಲ್ಲವೂ ಮಣ್ಣುಗೂಡಲಿ ಎನ್ನಿಸಿತು.

"ರೀ, ಬೆಳಿಗ್ಗೆ ಕಾರಿನ ರೇಡಿಯೋದಲ್ಲಿ ಏನು ಬಂತು?" ಎಂದಳು ಹೆಂಡತಿ.

"ಹಾಡು ಬಂತು. ಚೆನ್ನಾಗಿತ್ತು. ಹೋಗ್ತಾ ಹೋಗ್ತಾ ಸಣ್ಣದಾಯ್ತು, ಆಮೇಲೆ ಕೇಳಿಸಲೇ ಇಲ್ಲ."

"ಕಾರೊಳಗೆ ಕೂತವರಿಗೆ ಕಾರಿನ ರೇಡಿಯೋ ಹೇಗ್ರೀ ದೂರವಾಗುತ್ತೆ?"

ನಾನು ಬಗ್ಗಿ ನನ್ನ ಕಾಲು ನೋಡಿಕೊಂಡೆ: ಚಪ್ಪಲಿಯ ತುಂಬ ದಾರಿಯ ಧೂಳು.

"ಮನೆಗೆ ಓಡಿ," ಎಂದಳು.

ಕಾವಲುಗಾರನಿಗೆ ಮುಖ ತೋರಿಸದೆ ಗೇಟಿನ ಸಂದಿಯಲ್ಲಿ ನುಸುಳಿ ಓಡಿದೆ. ಬೆಳಿಗ್ಗೆ ಬಂದ ದಾರಿಯೇ. ಅದೇ ಗೋಡೆ, ಅದೇ ಹೂವಿನ ವಾಸನೆ. ಈಗ ಮಾತ್ರ ಎಲ್ಲವೂ ನನ್ನನ್ನು ನೋಡಿ ನಗುತ್ತಿರುವಂತಿತ್ತು. ನಮ್ಮ ಗೇಟಿನ ಮುಂದೆ ಬಾಯಿಬಡುಕಿ ನಿಂತಿದ್ದಳು. ಹಿಂದಿನ ಕಿಟಕಿಯಲ್ಲಿ ಚಂದ್ರ. ಸಂಜೆಯ ಕೆಂಪು ಬಿದ್ದು ಆ ಬೆಳ್ಳಿಯ ಮೈ ಹೊಳೆಯುತ್ತಿತ್ತು.

ಕೀಲಿ ಕಾರಿನಲ್ಲೇ ಇತ್ತು, ಎಂಜಿನ್ ನಿಂತರೂ ರೇಡಿಯೋ ನಿಲ್ಲದಂತೆ ಅರ್ಧ ಮಾತ್ರ ಹಿಂದಕ್ಕೆ ತಿರುಗಿಸಿದ ಹಾಗೆಯೇ. ಮತ್ತೆ ಮತ್ತೆ ತಿರುಗಿಸಿದೆ. ಬಾಯಿಬಡುಕಿ ತುಟಿಪಿಟಿಕ್ಕೆನ್ನಲಿಲ್ಲ. ಬೆಳಗಿನಿಂದ ಹಾಡಿ ಹಾಡಿ ಅದರ ಬ್ಯಾಟರಿ ತೀರಿಹೋಗಿತ್ತು.

ಎದುರು ಜಗುಲಿಯಲ್ಲಿ ಅಜ್ಜಿ ಕೂತಿದ್ದರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವರ ಕಥೆಯನ್ನು ಚಿಕ್ಕಂದಿನಿಂದ ಕೇಳಿದ್ದರಂತೆ, ಕಣ್ಣಾರೆ ಕಂಡದ್ದು ಇವತ್ತೇ ಅಂತೆ. ಬೆಳಿಗ್ಗೆಯೇ ಒಂದು ಮಾತು ಕೂಗಬಾರದಿತ್ತೇ ಎಂದೆ.

"ಎರಡೇ ಸಲ ಹೊರಟಿದ್ದೆಯಲ್ಲಪ್ಪ. ಮೂರನೇ ಸಲಕ್ಕೆ ಬಂದೇ ಬರ್ತೀಯ, ಆಗ ತಗೊಂಡು ಹೋಗ್ತೀಯ ಅಂತ ಕಾಯ್ತಾ ಕೂತೆ. ಹಾಡೂ ಚೆನ್ನಾಗಿ ಬರ್ತಿತ್ತು."

ಇನ್ನು ಉಳಿದದ್ದು ನನ್ನ ತಲೆಯೊಂದೇ. ಚಂದ್ರನನ್ನು ಹೊರಗೆಳೆದು, ಧೂಳು ಒರೆಸಿ, ತಲೆಯ ಮೇಲೆ ಹೊತ್ತೆ. ಅಷ್ಟರಲ್ಲಿ ಜೇಬು ಗುಂಯ್ ಎಂದಿತು. ಹೆಂಡತಿ.

"ಸಿಕ್ಕಿದ," ಎಂದೆ. "ಹೊತ್ಕೊಂಡು ಬರ್ತಿದೀನಿ. ಒಂದ್ಸಲ ಕೂಗಿಬಿಡು."

ತಾನು ಆಗ ನಗಲಿಲ್ಲ ಎಂದು ಅವಳು ಎಷ್ಟು ಹೇಳಿದರೂ ನಾನು ನಂಬುವುದಿಲ್ಲ. "ಕನ್ನಡಕ?"

"ಇದೆ."

"ಚಂದ್ರ?"

"ತಲೆ ಮೇಲಿದಾನೆ."

"ಮನಸ್ಸು?"

ಮೇಲೆ ಒಂದು ಮೋಡ ತೇಲುತ್ತಿತ್ತು. ಅದರ ಅಂಚು ಗುಲಾಬಿಯೋ ಕಿತ್ತಳೆಯೋ ಹೇಳಲಾಗದಂತಿತ್ತು. ಪುಣ್ಯಕ್ಕೆ ಚಂದ್ರ ಅಡ್ಡ ಬಂದು ಅದನ್ನು ಮರೆಮಾಡಿದ. "ಇದೆ," ಎಂದೆ.

ಗೇಟಿನ ಮುಂದಿನಿಂದ ಬೀದಿಗುಂಟ ಹೊರಟೆ. ಹಿಂದಿನಿಂದ ಅಜ್ಜಿ ಮೊಣಕಾಲು ಹಿಡಿದು ಏಳುವ ಸದ್ದು.

"ಇದು ಮೂರನೇದು ತಾನೆ? ಹಾಗಾದ್ರೆ ಇನ್ನು ಹಾಲಿಡ್ತೀನಪ್ಪ."