ಏನೂ ಬ್ಯಾಡ್ರಿ

ಎದುರಿಗಿದ್ದವರನ್ನು "ನಿಮಗೇನು ಬೇಕು?" ಎಂದು ಕೇಳುವುದಕ್ಕೂ ಸಂಬಳ ಕೊಡುತ್ತಾರೆಂದರೆ ನಮ್ಮವ್ವ ಇವತ್ತಿಗೂ ನಂಬುವುದಿಲ್ಲ. ಆದರೆ ಗದಗಿನ ಒಂದು ಚಿಕ್ಕ ಸಾಫ್ಟ್‌ವೇರ್ ಕಚೇರಿಯಲ್ಲಿ ನನ್ನ ಕೆಲಸ ಅದೇ. ಯಂತ್ರ ಮಾಡುವ ಮೊದಲು ಅದನ್ನು ಬಳಸುವವರ ಬೇಕುಬೇಡಗಳನ್ನು ಕೇಳಿಕೊಂಡು ಬರಬೇಕು. ಕೆಲಸವೇನೋ ಹಗುರ, ಆದರೆ ಕಾಯಂ ಅಲ್ಲ. ಲಕ್ಷ್ಮೇಶ್ವರದ ಒಂದು ದಲಾಲಿ ಅಂಗಡಿಗೆ, ಮಾಲು ತೂಗುವಾಗ ಯಾರ ಪಾಳಿ ಎಂದು ತೋರಿಸುವ ಪರದೆ ಮಾಡುವುದಿತ್ತು. ಅದು ಸರಿಹೋದರೆ ಕಾಯಂ ಮಾಡಿರೆಂದು ಬಾಯಿ ಬಿಡಬಹುದು ಎಂದು ನಾನೇ ಮನಸ್ಸಿನಲ್ಲಿ ಮಂಡಿಗೆ ತಿನ್ನುತ್ತಿದ್ದೆ.

ಅಂಗಡಿಯ ಮುಂದೆ ಶೇಂಗಾ ಚೀಲಗಳ ಮೇಲೆ ಕುಳಿತಿದ್ದ ರೈತರನ್ನು ಕೇಳಿದೆ. ಅಡರಕಟ್ಟಿಯ ನಿಂಗಪ್ಪಜ್ಜ ಎಲ್ಲರ ಪರವಾಗಿ, "ಏನೂ ಬ್ಯಾಡ್ರಿ ಅಕ್ಕಾರ, ಎಲ್ಲಾ ಛಲೋ ಐತಿ. ನೀವು ಹೆಂಗ ಮಾಡ್ತೀರಿ ಹಂಗ" ಎಂದರು. ಇಂಥ ಸಂತೃಪ್ತ ಜನ ಬೇರೆಲ್ಲಿ ಸಿಕ್ಕಾರು! 'ಬೇಡಿಕೆಗಳಿಲ್ಲ' ಎಂದು ವರದಿ ಬರೆದು ಮಧ್ಯಾಹ್ನದ ಬಸ್ಸಿಗೇ ಮರಳಿದೆ. ಅಂಗಡಿಯ ಒಳಗೋಡೆಗೆ ಚಂದದ ಪರದೆ ಬಂತು. ಮೊದಲ ದಿನವೇ, ಹೊರಗೆ ಚಹಾ ಕುಡಿಯುತ್ತಿದ್ದವರ ಹೆಸರುಗಳೆಲ್ಲ ಪರದೆಯ ಮೇಲೆ ಬಂದು ಯಾರಿಗೂ ಕಾಣದೆ ಹೋದವು. ತಕ್ಕಡಿಯ ಮುಂದೆ ಜಗಳವೋ ಜಗಳ. ಮಂಗಳೂರು ಕಡೆಯಿಂದ ಬಂದಿರುವ ನಮ್ಮ ಸಾಹೇಬರು, "ಪುನಃ ಹೋಗಿ ಸರಿಯಾಗಿ ಕೇಳಿ. ಆಗದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ" ಎಂದರು.

ಮರುದಿನ ರವಿವಾರ, ಯಳವತ್ತಿಯಿಂದ ಸೋದರಮಾವ ಬಂದ. ಅವ್ವ ಊಟಕ್ಕೆ ಕರೆದಳು. "ಬ್ಯಾಡ ಬೇ ಅಕ್ಕಾ, ಉಂಡ ಬಂದೀನಿ" ಎಂದ. ಅವ್ವ ಅದನ್ನು ಕಿವಿಗೇ ಹಾಕಿಕೊಳ್ಳದೆ ತಾಟು ಇಟ್ಟಳು. "ಖರೇನ ಹೊಟ್ಟಿ ತುಂಬೇತಿ" ಎಂದ. ಅವಳು ಎಣ್ಣೆಗಾಯಿ ಬಡಿಸಿಯೇ ಬಿಟ್ಟಳು. "ಆತು, ಒಂದ ರೊಟ್ಟಿ ಹಾಕು" ಎಂದ ಮಾವ ಬುಟ್ಟಿಯ ತಳ ಕಾಣಿಸಿಯೇ ಎದ್ದ. ಕರೆದ ಕೂಡಲೇ ಹೂಂ ಎನ್ನುವವನು ನಮ್ಮ ಕಡೆ ಹೊಟ್ಟೆಬಾಕ. ಬೇಡವೆಂದ ಕೂಡಲೇ ಸುಮ್ಮನಾಗುವವರು ಜಿಪುಣರು. ಇಲ್ಲೇ ಹುಟ್ಟಿ ಬೆಳೆದ ನಾನು, ಕೈಗೆ ಪೆನ್ನು ಬಂದದ್ದೇ ತಡ, ಇದನ್ನು ಮರೆತು ಕುಳಿತಿದ್ದೆ.

ಸೋಮವಾರ ನಿಂಗಪ್ಪಜ್ಜನ ಪಕ್ಕದ ಚೀಲದ ಮೇಲೆ ನಾನೂ ಕುಳಿತೆ. ಮತ್ತೆ "ಏನೂ ಬ್ಯಾಡ್ರಿ" ಎಂದರು. ಚಹಾ ತರಿಸಿದೆ, ಅದನ್ನೂ ಬೇಡ ಬೇಡವೆನ್ನುತ್ತಲೇ ಕುಡಿದರು. "ನೀವು ಹೇಳೂತನಾ ನಾ ಏಳೂದಿಲ್ಲ ಅಜ್ಜಾರ" ಎಂದೆ.

"ಇಷ್ಟ ಒತ್ತಾಯ ಮಾಡಿದ್ರ ಹೇಳಬೇಕಾಗ್ತೈತಿ. ಚಾದಂಗಡಿತನಾ ಕೇಳೂ ಹಂಗ ಹೆಸರು ಕೂಗಲಿ. ಊರ ಹೆಸರೂ ಹೇಳ್ಲಿ, ಇಲ್ಲೆ ಹತ್ತ ಮಂದಿ ನಿಂಗಪ್ಪ ಅದಾರ" ಎಂದರು. ಅಜ್ಜ ಬಾಯಿ ಬಿಟ್ಟದ್ದೇ ಉಳಿದವರೂ ಶುರು ಮಾಡಿದರು. ಅಂದು ನನ್ನ ಬಸ್ಸು ತಪ್ಪಿತು.

ಯಂತ್ರ ಈಗ ಊರು ಸಹಿತ ಹೆಸರು ಕೂಗುತ್ತದೆ, ಜಗಳ ನಿಂತಿದೆ. ಕಳೆದ ವಾರ ಸಾಹೇಬರು ನನ್ನನ್ನು ಒಳಗೆ ಕರೆದು ಕೂಡಿಸಿ, "ಚೆನ್ನಾಗಿ ಮಾಡಿದ್ದೀರಿ. ನಿಮಗೇನಾದರೂ ಬೇಕಿದ್ದರೆ ಸಂಕೋಚವಿಲ್ಲದೆ ಹೇಳಿ" ಎಂದರು. ಕಾಯಂ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

"ಏನೂ ಬ್ಯಾಡ್ರಿ ಸರ್" ಎಂದೆ.

"ಸರಿ ಹಾಗಾದರೆ" ಎಂದು ಅವರು ಕಂಪ್ಯೂಟರಿನತ್ತ ತಿರುಗಿದರು. ಇನ್ನೊಮ್ಮೆ ಕೇಳಿಯಾರೆಂದು ನಾನು ಸ್ವಲ್ಪ ಹೊತ್ತು ಕುಳಿತೇ ಇದ್ದೆ.